ಅರ್ಧ ಸ್ಟಿಯರಿಂಗು

ಸ್ಟಿಯರಿಂಗ್ ಅಂದಮೇಲೆ ದುಂಡಗಿರಬೇಕು, ಇಷ್ಟೂ ತಿಳಿಯದವರು ಕಾರು ಮಾಡಲಿಕ್ಕೆ ಯಾಕೆ ಹೋಗಬೇಕು ಎಂದು ಏಕನಾಥರು ಶನಿವಾರ ಬೆಳಿಗ್ಗೆ ಹಲ್ಲುಜ್ಜುವಾಗಲೇ ಸಿಟ್ಟಾಗಿದ್ದರು. ಬರೀ ಸಿಟ್ಟಲ್ಲ, ಅದರ ಜೊತೆಗೇ ಅಂಜಿಕೆಯೂ ಇತ್ತು. ಅಂಜಿಕೆ ಇದೆಯಲ್ಲ ಎಂಬುದಕ್ಕೆ ಇನ್ನಷ್ಟು ಸಿಟ್ಟು. ಮಾಳಮಡ್ಡಿಯ ಮನೆಯ ಅಂಗಳದಲ್ಲಿ ಅವರ ಹಳೆಯ ಬಿಳಿ ಕಾರಿನ ಮಗ್ಗುಲಿಗೆ ಹೆಂಡತಿಯ ತಮ್ಮ ಕೇದಾರನ ಹೊಸ ಕರೆಂಟಿನ ಕಾರು ನಿಂತಿತ್ತು. ನಿನ್ನೆ ಸಂಜೆ ಹುಬ್ಬಳ್ಳಿಯ ಶೋರೂಮಿನಿಂದ ತಂದು ನಿಲ್ಲಿಸಿ, ಬಾಗಿಲು ತೆರೆದು, "ಬರ್ರಿ ಭಾವಾರ, ಕೂತು ನೋಡ್ರಿ" ಎಂದು ಕೇದಾರ ಕರೆದಾಗ ಏಕನಾಥರು ಗತ್ತಿನಿಂದಲೇ ಹೋಗಿ ಕೂತಿದ್ದರು. ಕೂತರೆ ಎದುರಿಗೆ ಕಂಡದ್ದು ಸ್ಟಿಯರಿಂಗಿನ ಕೆಳಗಿನ ಅರ್ಧ ಮಾತ್ರ. ಮೇಲಿನ ಕಮಾನನ್ನು ಯಾರೋ ಗರಗಸದಿಂದ ಕೊಯ್ದುಕೊಂಡು ಹೋಗಿದ್ದರು. ಎರಡು ಕಡೆಗೆ ಎಮ್ಮೆಯ ಕೋಡಿನಂಥ ಎರಡು ಹಿಡಿಗಳು. ಇಂಡಿಕೇಟರಿನ ಕಡ್ಡಿಯಿಲ್ಲ, ವೈಪರಿನ ಕಡ್ಡಿಯಿಲ್ಲ, ಗೇರಂತೂ ಇಲ್ಲವೇ ಇಲ್ಲ. ಎಲ್ಲವೂ ಆ ಹಿಡಿಗಳ ಮೇಲೆ ಮತ್ತು ನಡುವಿನ ಭಾಗದ ಮೇಲೆ, ಬೆರಳು ತಾಗಿದರೆ ಸಾಕು ಎನ್ನುವಂಥ ನುಣುಪು ಗುರುತುಗಳು. ನಡುವೆ ಒಂದರ ಕೆಳಗೊಂದು ಎರಡು ಬಾಣ: ಮೇಲಿನದು ಮೇಲೆ ನೋಡುತ್ತದೆ, ಅದು ಮುಂದಕ್ಕೆ, ಕೆಳಗಿನದು ಕೆಳಗೆ ನೋಡುತ್ತದೆ, ಅದು ಹಿಂದಕ್ಕೆ. "ಹಾರ್ನು ಎಲ್ಲೆ?" ಎಂದು ಕೇಳಲಿಕ್ಕೂ ಏಕನಾಥರಿಗೆ ನಾಚಿಕೆಯಾಯಿತು. ಕೇದಾರ ತಾನಾಗಿಯೇ ತೋರಿಸಿದ. ಕಡಲೆಬೇಳೆಯಷ್ಟು ಸಣ್ಣ ಗುರುತು, ಎಡಗೈ ಹೆಬ್ಬೆರಳ ಹತ್ತಿರ. "ನಿಮಗೇನು ಹೇಳೂದು ಭಾವಾರ, ನೀವು ಊರಿಗೆಲ್ಲಾ ಕಲಿಸಿದವರು" ಎಂದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಏಕನಾಥರಿಗೆ ಎಷ್ಟೋ ಹಗುರಾಗುತ್ತಿತ್ತು.

ಊರಿಗೆಲ್ಲ ಕಲಿಸಿದವರಲ್ಲ ಅವರು, ಊರನ್ನೆಲ್ಲ ಫೇಲು ಮಾಡಿದವರು. ಮೋಟಾರು ಇನ್ಸ್‌ಪೆಕ್ಟರಾಗಿ ಲೈಸೆನ್ಸಿನ ಪರೀಕ್ಷೆ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಅವರ ಎದುರು ಮೈದಾನದಲ್ಲಿ ಎಂಟು ಹಾಕಲಿಕ್ಕೆ ಬಂದವರು ದೇವರ ಹೆಸರು ಹೇಳಿಕೊಂಡೇ ಗಾಡಿ ಹತ್ತುತ್ತಿದ್ದರು. ಅವರು ಕೊಡೆಯ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು, ಗಾಲಿ ಸುಣ್ಣದ ಗೆರೆ ತುಳಿಯುವುದನ್ನೇ ಕಾಯುತ್ತಿದ್ದರು. ತುಳಿದ ಕೂಡಲೇ ಕೈ ಎತ್ತಿ "ಸಾಕು, ಇಳೀರಿ" ಎನ್ನುವುದರಲ್ಲಿ ಒಂದು ಸುಖವಿತ್ತು. ಅದು ಸುಖ ಎಂದು ಅವರು ಯಾರೆದುರೂ ಒಪ್ಪಿಕೊಂಡವರಲ್ಲ, ಶಿಸ್ತು ಎನ್ನುತ್ತಿದ್ದರು. ಲಂಚ ಮುಟ್ಟಿದವರಲ್ಲ, ಅದೂ ಖರೆ. ಕೇದಾರನನ್ನು ಎರಡು ಸಲ ಫೇಲು ಮಾಡಿದ್ದರು. ಹೆಂಡತಿ ಮಂದಾಕಿನಿಯನ್ನೂ ಬಿಟ್ಟಿರಲಿಲ್ಲ. ಅವಳು ಆಗಿನ್ನೂ ಮೂವತ್ತರ ಒಳಗಿನವಳು, ತಿಂಗಳುಗಟ್ಟಲೆ ಯಾರದೋ ಕಾರಿನಲ್ಲಿ ಕದ್ದು ಕಲಿತು ಗಂಡನಿಗೆ ಅಚ್ಚರಿ ಮಾಡಬೇಕೆಂದು ಹೇಳದೆ ಕೇಳದೆ ಪರೀಕ್ಷೆಗೆ ಬಂದು ನಿಂತಿದ್ದಳು. ಹಸಿರು ಸೀರೆ, ಕೈಯಲ್ಲಿ ಅರ್ಜಿ, ಮುಖದ ತುಂಬ ನಗು. ಎಂಟನ್ನು ಬಹಳ ಛಲೋ ಹಾಕಿದಳು. ಕಟ್ಟಕಡೆಗೆ ಹಿಂದಿನ ಗಾಲಿ ಗೆರೆಯನ್ನು ಕೂದಲೆಳೆಯಷ್ಟು ತಾಗಿತೋ ಇಲ್ಲವೋ. ಎಲ್ಲರೂ ನೋಡುತ್ತಿದ್ದರು. ಏಕನಾಥರು ಕೈ ಎತ್ತಿದರು. ಅವಳು ಮತ್ತೆಂದೂ ಸ್ಟಿಯರಿಂಗ್ ಮುಟ್ಟಲಿಲ್ಲ, ಮುಂದಿನ ಕೋಣೆಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಓಣಿಯ ಹುಡುಗಿಯರಿಗೆ ಹಾಡು ಹೇಳಿಕೊಡುತ್ತ ಕೂತಳು. ಮದುವೆ ಮುಂಜಿವೆಗಳಲ್ಲಿ ಈ ಕತೆಯನ್ನು ಏಕನಾಥರು ತಾವೇ ಹೇಳಿ ನಗಿಸುತ್ತಿದ್ದರು: "ನನ್ನ ಹೇಂತೀನ್ನೂ ಬಿಡಲಿಲ್ಲ ನೋಡ್ರಿ ನಾ!" ಎಲ್ಲರೂ ನಗುವಾಗ ಮಂದಾಕಿನಿಯೂ ನಗುತ್ತಿದ್ದಳು. ಅವಳು ನಗುವುದನ್ನು ನೋಡಿ ಏಕನಾಥರು ಸಮಾಧಾನ ಮಾಡಿಕೊಂಡಿದ್ದರು.

ಈಗ ಅವರ ಪರೀಕ್ಷೆ. ತೆಗೆದುಕೊಳ್ಳುವವಳು ಮಗಳು ವೃಂದಾ. ಅಳಿಯನಿಗೆ ಬೆಳಗಾವಿಯಲ್ಲಿ ನೌಕರಿ, ವೃಂದಾಗೆ ಹುಬ್ಬಳ್ಳಿಯ ಬ್ಯಾಂಕು. ಹೀಗಾಗಿ ಅವಳೂ ಮೊಮ್ಮಗಳು ಚಿನ್ಮಯೀಯೂ ಇವರ ಮನೆಯ ಮಾಳಿಗೆಯ ಮೇಲೆಯೇ ಇದ್ದರು. ಚಿನ್ಮಯೀಯನ್ನು ಸಾಲೆಗೆ ಬಿಡುವುದು, ಕರೆತರುವುದು ಏಕನಾಥರ ಕೆಲಸ. ಕೆಲಸವೇನು ಬಂತು, ಅದೊಂದಕ್ಕಾಗಿಯೇ ಅವರು ಬೆಳಿಗ್ಗೆ ಏಳುತ್ತಿದ್ದರು, ಇಸ್ತ್ರಿ ಅಂಗಿ ತೊಡುತ್ತಿದ್ದರು, ಕನ್ನಡಿ ನೋಡಿಕೊಳ್ಳುತ್ತಿದ್ದರು. ಹೋದ ತಿಂಗಳು ಸಾಲೆಯ ಗೇಟಿಗೆ ಕಾರಿನ ಮಗ್ಗುಲು ತೀಡಿತು. ಬಣ್ಣ ಹೋಯಿತು, ಮತ್ತೇನಾಗಲಿಲ್ಲ. ಆದರೆ ವೃಂದಾ ಕೂಡ್ರಿಸಿ ಹೇಳಿದಳು, "ಅಪ್ಪಾ, ಇನ್ನ ಸಾಕು. ಚಿನ್ಮಯೀಗೆ ಆಟೋ ಹಚ್ಚತೀನಿ, ಕೀಲಿ ನನ್ನ ಕಡೆ ಕೊಟ್ಟುಬಿಡ್ರಿ." ಎಷ್ಟು ಮೆತ್ತಗೆ ಹೇಳಿದಳೆಂದರೆ ಏಕನಾಥರಿಗೆ ತಾವು ಹಿಂದೆ ಹೇಳುತ್ತಿದ್ದ 'ಸಾಕು, ಇಳೀರಿ'ಯೇ ಕೇಳಿಸಿತು. ಅವರು ಕೂಗಾಡಿದರು. ಮಾತಿಗೆ ಮಾತು ಬೆಳೆದು, ಕೇದಾರನ ಹೊಸ ಕಾರು ಬರುವುದಿದೆಯಲ್ಲ, ಪೂಜೆಗೆ ನುಗ್ಗಿಕೇರಿ ಹನುಮಪ್ಪನ ಗುಡಿಗೆ ಅದನ್ನು ನಾನೇ ಹೊಡೆದುಕೊಂಡು ಹೋಗುತ್ತೇನೆ, ಒಂದು ಗೀರು ಬಿದ್ದರೆ ಕೀಲಿ ನಿನ್ನ ಕೈಗೆ ಎಂದುಬಿಟ್ಟರು. ಹೊಸ ಗಾಡಿಗೆ ಮೊದಲು ಮನೆಯ ಹಿರಿಯರ ಕೈ ತಾಗಬೇಕೆಂಬುದು ಅವರ ಮನೆತನದ ಪದ್ಧತಿಯೂ ಹೌದು. ಕೇದಾರ ಖುಷಿಯಿಂದ ಒಪ್ಪಿದ. ಆಗ ಅವರಿಗೆ ಗೊತ್ತಿದ್ದದ್ದು ಕಾರು ಹೊಸದು ಎಂದಷ್ಟೇ. ಅದರ ಸ್ಟಿಯರಿಂಗ್ ಅರ್ಧ ಎಂದು ಯಾರು ಹೇಳಿದ್ದರು?

ಬೂಟು ಹಾಕಿಕೊಳ್ಳುತ್ತಿದ್ದಾಗ ಮಂದಾಕಿನಿ ಆರತಿಯ ತಾಟು ಹಿಡಿದು ಬಂದಳು. ಮೆಟ್ಟಿಲ ಮೇಲೆ ಚಿನ್ಮಯೀ ತನ್ನ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು. "ಏನ್ರಿ, ಒಂದು ಮಾತು" ಎಂದಳು ಮಂದಾಕಿನಿ, ತಮ್ಮನಿಗೆ ಕೇಳಬಾರದೆಂದು ದನಿ ತಗ್ಗಿಸಿ. "ರಾತ್ರಿ ಕೇದಾರ ಹೇಳ್ಲಿಕತ್ತಿದ್ದ. ಆ ಸ್ಟಿಯರಿಂಗು ಪೂರ್ತಿ ತಿರುಗಿ ನಿಂತಾಗ ತಲಿಕೆಳಗ ಆಗಿರ್ತದಂತ. ಮ್ಯಾಲಿನ ಬಾಣ ಕೆಳಗ ಬರ್ತದ, ಕೆಳಗಿಂದು ಮ್ಯಾಲ. ನೋಡ್ಲಿಕ್ಕೆ ಮಾತ್ರ ಮೊದಲಿನಂಗ ಕಾಣತದ. ನೆಟ್ಟಗ ಮಾಡಿಕೊಂಡ ಮುಟ್ಟಬೇಕಂತ. ಹೊಸಬರು ಅಲ್ಲೇ ತಪ್ಪತಾರಂತ." ಹೊಸಬರು ಎಂಬ ಶಬ್ದವೊಂದೇ ಏಕನಾಥರ ಕಿವಿಗೆ ಬಿತ್ತು. ಅವಳ ಕಾಳಜಿ ಅವರಿಗೆ ಕಾಣಲಿಲ್ಲವೆಂದಲ್ಲ. ಕಂಡಿತು, ಕಂಡದ್ದಕ್ಕೇ ಮೈ ಉರಿಯಿತು. "ಎಂಟು ಹಾಕ್ಲಿಕ್ಕೆ ಬರದಾಕಿ ನನಗ ಹೇಳ್ಲಿಕ್ಕೆ ಬಂದ್ಲು! ನೀ ನಿನ್ನ ಸರಿಗಮ ನೋಡಿಕೋ ಹೋಗು" ಎಂದರು. ಚಿನ್ಮಯೀ ತಲೆಯೆತ್ತಿ ಅಜ್ಜಿಯ ಮುಖ ನೋಡಿದಳು, ಆಮೇಲೆ ಅಜ್ಜನ ಮುಖ, ಆಮೇಲೆ ಪಟ್ಟಿ ಬಿಗಿಯುವುದನ್ನು ಮುಂದುವರಿಸಿದಳು. ಮಂದಾಕಿನಿ ಏನೂ ಆಗದವಳ ಹಾಗೆ ತಾಟಿನಲ್ಲಿ ಬತ್ತಿ ಸರಿಮಾಡಿದಳು. ಇವತ್ತೂ ಹಸಿರು ಸೀರೆಯನ್ನೇ ಉಟ್ಟಿದ್ದಳು, ಏಕನಾಥರು ಅದನ್ನು ನೋಡಬಾರದೆಂದು ನೋಡಲಿಲ್ಲ.

ದಾರಿಯಲ್ಲಿ ಏನೂ ಆಗಲಿಲ್ಲ, ಅದೇ ಸೋಜಿಗ. ಕೇದಾರ ತನ್ನ ಮೋಟಾರ್ ಸೈಕಲ್ಲಿನ ಮೇಲೆ ಮುಂದೆ ಹೋದ. ಕಾರಿನಲ್ಲಿ ಏಕನಾಥರು, ಎಡಕ್ಕೆ ಮಂದಾಕಿನಿ, ಹಿಂದೆ ಚಿನ್ಮಯೀ. ವೃಂದಾ ಬ್ಯಾಂಕಿಗೆ ಹೋಗುವ ಮೊದಲು ಗೇಟಿನ ಹತ್ತಿರ ನಿಂತು, "ಸಾವಕಾಶ ಅಪ್ಪಾ" ಎಂದಿದ್ದಳು. ಮೊದಲ ತಿರುವಿನಲ್ಲಿ ಒಂದು ಚೂರು ಮಾನ ಹೋಯಿತು. ಜೀವಮಾನವೆಲ್ಲ ಅವರು ಸ್ಟಿಯರಿಂಗನ್ನು ಒಂದೇ ಅಂಗೈಯಿಂದ, ಮೇಲಿನ ಕಮಾನಿನ ಮೇಲೆ ಕೈ ಚಾಚಿ, ರೊಟ್ಟಿ ತಟ್ಟುವವರ ಹಾಗೆ ತಿರುವುತ್ತ ಬಂದವರು. ಅದು ಅವರ ಠೀವಿ. ಅಂಗೈ ತಾನಾಗಿ ಮೇಲೆ ಹೋಯಿತು, ಅಲ್ಲಿ ಹಿಡಿಯಲಿಕ್ಕೆ ಏನೂ ಇರಲಿಲ್ಲ, ಕೈ ಗಾಳಿಯಲ್ಲಿ ಸುತ್ತಿ ತೊಡೆಯ ಮೇಲೆ ಬಿತ್ತು. ಹಿಂದಿನಿಂದ ಚಿನ್ಮಯೀ ಕಿಸಕ್ಕನೆ ನಕ್ಕಳು. ಮಂದಾಕಿನಿ ಕಿಟಕಿಯಾಚೆ ನೋಡಿದಳು. ನೋಡಿದ್ದನ್ನು ನೋಡಿಲ್ಲವೆಂದು ತೋರಿಸುವುದರಲ್ಲಿ ಅವಳದು ಪಳಗಿದ ಕೈ. ಒಂದು ದನ ಅಡ್ಡ ಬಂದಾಗ ಹಾರ್ನಿಗೆಂದು ನಡುವೆ ಗುದ್ದಿದರು. ಸದ್ದೇ ಇಲ್ಲ. ದನ ತನಗೆ ಬೇಕಾದಾಗ ಸರಿದು ಹೋಯಿತು. ಕಲಘಟಗಿ ರಸ್ತೆ ಹಿಡಿದ ಮೇಲೆ ಮಾತ್ರ ಕಾರು ತುಪ್ಪದಲ್ಲಿ ಕೈಯಾಡಿದ ಹಾಗೆ ಹೋಯಿತು, ಇಂಜಿನ್ನಿನ ಸದ್ದಿಲ್ಲ, ನಡುಕವಿಲ್ಲ. ಇಷ್ಟೇನಾ ಅನ್ನಿಸಿತು. ಸೋಮವಾರ ಚಿನ್ಮಯೀಯನ್ನು ಬಿಡುವಾಗ ಗೇಟಿಗೆ ತೀಡಿದ್ದನ್ನು ಕಂಡಿದ್ದ ಸಾಲೆಯ ವಾಚಮನ್ನನ ಮುಂದೆ ಬೇಕಂತಲೇ ತಮ್ಮ ಕಾರನ್ನು ಒಂದೇ ಕೈಯಲ್ಲಿ ತಿರುಗಿಸುವುದನ್ನು ಅವರು ಕಣ್ಣಿಗೆ ತಂದುಕೊಂಡರು. ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ?" ಎಂದರು. "ಹ್ಞೂಂ, ಛಲೋ ಹೊಡೀಲಿಕತ್ತೀರಿ" ಎಂದಳು ಅವಳು. ಬೆಳಗಿನ ಮಾತು ಅವಳ ಮನಸ್ಸಿನಲ್ಲಿ ಇದೆಯೋ ಇಲ್ಲವೋ ಎಂದು ಅವಳ ದನಿಯಲ್ಲಿ ಹುಡುಕಿದರು, ಸಿಗಲಿಲ್ಲ. ಎಷ್ಟು ವರ್ಷ ಹೀಗೆ ಹುಡುಕಿದ್ದಾರೋ. ಇವಳು ಒಮ್ಮೆಯಾದರೂ ತಿರುಗಿಬಿದ್ದಿದ್ದರೆ ನಾನು ಇನ್ನಿಷ್ಟು ಒಳ್ಳೆಯವನಾಗುತ್ತಿದ್ದೆ ಎಂದುಕೊಂಡರು, ಅದೂ ಅವಳದೇ ತಪ್ಪೆಂಬ ಹಾಗೆ.

ಶನಿವಾರ, ಗುಡಿಯ ಮುಂದೆ ಜನವೋ ಜನ. ಎಕ್ಕೆಯ ಹಾರ ಮಾರುವವರು, ತೆಂಗಿನಕಾಯಿಯವರು, ಪೂಜೆಗೆ ಬಂದ ಟ್ರ್ಯಾಕ್ಟರುಗಳು, ಹೊಸ ಮೋಟಾರ್ ಸೈಕಲ್ಲುಗಳು. ಒಂದು ಕಡೆ ಟೆಂಪೋ, ಇನ್ನೊಂದು ಕಡೆ ಗಿಡದ ಕಟ್ಟೆ, ನಡುವೆ ಇಕ್ಕಟ್ಟಾದ ಜಾಗ. ಕೇದಾರ ಓಡಿ ಬಂದು, "ಇಲ್ಲೆ ಬ್ಯಾಡ ಭಾವಾರ, ಆಚಿ ಕಡೆ ಬಯಲದ" ಎಂದ. ಬಯಲಿನಲ್ಲಿ ನಿಲ್ಲಿಸುವುದಕ್ಕೆ ಏಕನಾಥರೇ ಬೇಕೇ? ಅವರು ಸ್ಟಿಯರಿಂಗನ್ನು ಪೂರ್ತಿ ತಿರುವಿ, ಕೂದಲೆಳೆಯ ಅಂತರದಲ್ಲಿ ಕಾರನ್ನು ಒಳಗೆ ತೂರಿಸಿದರು. ನೋಡುತ್ತಿದ್ದ ಟೆಂಪೋದವನು, "ಭಾರಿ ಹೊಡದ್ರಿ ಯಜಮಾನ್ರ" ಎಂದ. ಆ ಮಾತು ಎಷ್ಟು ಸಿಹಿಯಾಯಿತೆಂದರೆ ಅವರು ಸ್ಟಿಯರಿಂಗನ್ನು ಹಾಗೇ ಬಿಟ್ಟರು. ಈಗ ಅದು ಬೋರಲು ಬಿದ್ದಿತ್ತು. ಕಮಾನು ಮೇಲೆ ಬಂದು ಹಿಡಿಗಳು ಕೆಳಗೆ ಹೋಗಿ, ನೋಡಲಿಕ್ಕಾದರೂ ಅದು ಸ್ಟಿಯರಿಂಗಿನ ಹಾಗೆ ಕಂಡಿತು. ಅಂಗೈಯನ್ನು ಕಮಾನಿನ ಮೇಲಿಟ್ಟುಕೊಂಡರು. ನಡುವೆ ಎರಡು ಬಾಣ ಮೊದಲಿದ್ದ ಹಾಗೇ ಕಂಡವು, ಒಂದು ಮೇಲೆ ನೋಡುತ್ತ, ಒಂದು ಕೆಳಗೆ ನೋಡುತ್ತ.

ಪೂಜಾರಿ ಬಂದ. ಹಿರಿಯರು ಸೀಟಿನಲ್ಲೇ ಕೂತಿರಬೇಕು, ಪೂಜೆ ಮುಗಿದ ಮೇಲೆ ಗಾಲಿಗಳ ಕೆಳಗಿನ ನಿಂಬೆಹಣ್ಣು ಒಡೆಯುವ ಹಾಗೆ ಗಾಡಿ ಬಿಡಬೇಕು; ಏಕನಾಥರು ಕೂತೇ ಇದ್ದರು. ಮಂದಾಕಿನಿ ತಾಟು ಹಿಡಿದು ಇಳಿದಳು. ಪೂಜಾರಿ ಕಿಟಕಿಯೊಳಗೆ ಕೈ ತೂರಿ ಸ್ಟಿಯರಿಂಗಿಗೆ ಗಂಧ ಹಚ್ಚಹೋದದ್ದೇ ತಡ, ಯಾವ ಗುರುತಿಗೆ ಬೆರಳು ತಾಗಿತೋ, ವೈಪರುಗಳು ಎದ್ದು ಕಾಜಿನ ಮೇಲಿನ ಎಕ್ಕೆಯ ಹಾರವನ್ನು ಎತ್ತಿ ಒಗೆದವು. ಹಾರ ಪೂಜಾರಿಯ ಹೆಗಲಿಗೇ ಬಿತ್ತು. ಜನ ಹೋ ಎಂದು ನಕ್ಕಿತು. ಏಕನಾಥರು ನಿಲ್ಲಿಸಲೆಂದು ಮುಟ್ಟಿದರೆ ಇಂಡಿಕೇಟರು ಮಿಣುಕತೊಡಗಿತು, ಮತ್ತೊಂದು ಮುಟ್ಟಿದರೆ ನೀರು ಚಿಮ್ಮಿತು. "ಯಜಮಾನ್ರ, ಗಾಡಿ ನಿಮ್ಮದಲ್ಲೇನ್ರಿ?" ಎಂದ ಅದೇ ಟೆಂಪೋದವನು. ಕೇದಾರ ಹಲ್ಲು ಕಚ್ಚಿ ನಗು ತಡೆದುಕೊಂಡು ಕೈ ತೂರಿ ಎಲ್ಲ ಬಂದು ಮಾಡಿದ. ಚಿನ್ಮಯೀ ಹಿಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದಳು. ಏಕನಾಥರ ಕಿವಿ ಕಾದವು. ಇವರಲ್ಲಿ ಎಷ್ಟು ಮಂದಿಯನ್ನು ನಾನು ಫೇಲು ಮಾಡಿರಬಹುದು ಎಂದು ಮುಖಗಳನ್ನು ಹುಡುಕಿದರು. ಹಿಂದೆ ಕಣ್ಣೀರು ಒರೆಸಿಕೊಳ್ಳುತ್ತ ಮೈದಾನದಿಂದ ಹೋದವರೆಲ್ಲ ಇಲ್ಲಿಯೇ ಬಂದು ಸೇರಿದ್ದಾರೆ ಅನ್ನಿಸಿತು. ಈ ಹಾಳು ಪೂಜೆ ಮುಗಿದು, ಹಣ್ಣು ಒಡೆದು, ಒಂದೇ ಹೊಡೆತಕ್ಕೆ ಹೊರಗೆ ತೆಗೆದರೆ ಸಾಕು, ಎಲ್ಲರ ಬಾಯಿ ಮುಚ್ಚುತ್ತದೆ.

ಗಂಟೆ, ಜಾಗಟೆ, ಕಾಯಿ ಒಡೆಯುವ ಸದ್ದು. ಗಾಡಿಯ ಹಿಂದೆ ನಿಂತಿದ್ದ ಕೇದಾರ ಕೂಗಿದ, "ಭಾವಾರ, ಮುಂದಿನ ಎಡಗಾಲಿ ಕೆಳಗಿನ ಹಣ್ಣು ಸರದದ. ಅಕ್ಕ ಇಡ್ಲಿಕತ್ತಾಳ. ಒಂಚೂರು ಹಿಂದ ತಗೋರಿ, ಜಾಗಾ ಸಾಲವಲ್ದು." ಕಿಟಕಿ ತೆರೆದಿತ್ತು, ಏಕನಾಥರಿಗೆ ಅಕ್ಷರ ಅಕ್ಷರವೂ ಕೇಳಿಸಿತು. ಬಾನೆಟ್ಟಿನ ಎಡ ಅಂಚಿನಲ್ಲಿ ಹಸಿರು ಸೆರಗು ಕೆಳಗೆ ಬಾಗಿದ್ದೂ ಕಂಡಿತು. ಮಂದಾ, ಏಳು ಎಂದು ಒಂದು ಮಾತು ಅನ್ನಬಹುದಿತ್ತು. ಹಿಂದಕ್ಕೆ ತಾನೇ ಹೋಗುವುದು, ಅನ್ನುವುದೇನು? ಅಲ್ಲದೆ ಜನ ನೋಡುತ್ತಿತ್ತು. ಹೆಬ್ಬೆರಳನ್ನು ಕೆಳಗೆ ನೋಡುವ ಕೆಳಗಿನ ಬಾಣದ ಮೇಲಿಟ್ಟು, ಕಾಲಿನಿಂದ ಮೆಲ್ಲಗೆ ಒತ್ತಿದರು. ಕಾರು ಒಂದು ಚೂರೂ ಸದ್ದಿಲ್ಲದೆ ಸರಿಯಿತು, ಎಡಗಡೆ ಸಣ್ಣಗೆ ಎದ್ದು ನಿಂತಿತು, ಕೆಳಗೆ ಏನೋ ಮೆತ್ತಗಿನದು ಅಮುಕಿದ ಹಾಗಾಯಿತು. ಹಣ್ಣು ಒಡೆಯಿತು ಎಂದುಕೊಂಡರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು, ಖರೇನೇ ಖುಷಿಯಾಯಿತು.

ಕೂಗಿದವಳು ಮಂದಾಕಿನಿಯಲ್ಲ. ಕಟ್ಟೆಯ ಹತ್ತಿರ ಎಕ್ಕೆಯ ಹಾರ ಮಾರುತ್ತ ಕೂತಿದ್ದ ಬಾಳವ್ವ ಎದ್ದು ಬಾಯಿ ಬಡಿದುಕೊಂಡಳು: "ಯಪ್ಪಾ, ಹಿಂದಕ್ಕ ತಗೀರಿ! ಯವ್ವನ ಕೈ ಗಾಲ್ಯಾಗ ಐತಿ!" ಆ ಕೂಗಿನ ಕೆಳಗೆ, ಅಡಿಗೆ ಆಯಿತು ಎಂದು ಹೇಳಲಿಕ್ಕೆ ಬಂದವಳ ದನಿಯಲ್ಲಿ, "ಏನ್ರಿ... ಏನ್ರಿ..." ಎಂದು ಮಂದಾಕಿನಿ ಕರೆಯುವುದು ಏಕನಾಥರಿಗೆ ಕೇಳಿಸಿತು. ಅವರಿಗೆ ಮೊದಲು ಬಂದ ವಿಚಾರ ಹೆಂಡತಿಯ ಕೈಯದಲ್ಲ. ಕೀಲಿ ಹೋಯಿತು ಎಂಬುದು ಮೊದಲು ಬಂತು. ಆಮೇಲೆ ಕೈ. ಆಮೇಲೆ ಹೆಬ್ಬೆರಳು ತಾನಾಗಿ ಮೇಲಿನ ಬಾಣಕ್ಕೆ ಹೋಯಿತು, ಕಾರು ಹಿಂದೆ ಸರಿದು ಗಾಲಿ ಇಳಿಯಿತು. ಮೇಲಿನದನ್ನು ಮುಟ್ಟಿದರೆ ಹಿಂದೆ ಹೋಗುತ್ತದೆ ಎಂದು ಆ ಗಳಿಗೆಯಲ್ಲಿ ಬೆರಳಿಗೆ ಯಾರು ಹೇಳಿದರು? ಬೆಳಿಗ್ಗೆ ಆರತಿಯ ತಾಟು ಹಿಡಿದು ನಿಂತವಳು ಹೇಳಿದ್ದಳು. ಹಾಗಾದರೆ ಗೊತ್ತಿತ್ತು. ಅವಳ ಮಾತು ಒಂದೂ ಬಿಡದೆ ಒಳಗೆ ಹೋಗಿ ಕೂತಿತ್ತು, ಬೇಕಾದಾಗ ಬರದೆ ಆಮೇಲೆ ಬಂದಿತ್ತು, ಅಷ್ಟೆ. ಕನ್ನಡಿಯಲ್ಲಿ ಚಿನ್ಮಯೀಯ ಕಣ್ಣು ಕಂಡವು. ಅವಳು ನಗುವುದನ್ನು ನಿಲ್ಲಿಸಿದ್ದಳು.

ಎಲುಬಿನ ಡಾಕ್ಟರು ಒಳಗೆ ಬಹಳ ಹೊತ್ತು ತೆಗೆದುಕೊಂಡರು. ಬಲಗೈಯ ಮೂರು ಬೆರಳು. ಕೂಡುತ್ತವೆ, ಆದರೆ ಮೊದಲಿನ ಹಾಗೆ ಮಡಚಲಿಕ್ಕೆ ಬರುವುದಿಲ್ಲ ಎಂದರು. "ಏನು ಕೆಲಸ ಮಾಡತಾರ?" ಎಂದು ಕೇಳಿದರು. "ಏನಿಲ್ರಿ, ಮನ್ಯಾಗೇ ಇರತಾಳ" ಎಂದರು ಏಕನಾಥರು, ಬಾಯಿ ತಪ್ಪಿ. ಹಾರ್ಮೋನಿಯಂ ಎಂದು ಕೇದಾರ ಹೇಳಿದ. ಡಾಕ್ಟರು ತಲೆಯಾಡಿಸಿ ಚೀಟಿಯಲ್ಲಿ ಬರೆದುಕೊಂಡರು. ಮಂದಾಕಿನಿಯನ್ನು ಪರದೆಯಾಚೆಯ ಮಂಚದ ಮೇಲೆ ಮಲಗಿಸಿದ್ದರು. ಪರದೆಯ ಸಂದಿಯಿಂದ ಅವಳ ಕಾಲ ಬೆರಳುಗಳು ಕಾಣುತ್ತಿದ್ದವು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ವೃಂದಾ ಬಂದಳು. ಬಂದವಳು ಅಮ್ಮನನ್ನು ನೋಡಿ ಹೊರಗೆ ಬಂದು, ಕಣ್ಣೊರೆಸಿಕೊಂಡು, ಅಪ್ಪನ ಎದುರು ನಿಂತಳು. ಕೈ ಚಾಚಿರಲಿಲ್ಲ, ಆದರೂ ಏಕನಾಥರಿಗೆ ಅವಳ ಕೈ ಕೀಲಿಗಾಗಿ ಚಾಚಿದ ಹಾಗೇ ಕಂಡಿತು. "ಏನಾತು ಅಪ್ಪಾ?" ಎಂದಳು.

"ನಾ ಕೂಗಿದೆ" ಎಂದರು ಏಕನಾಥರು. ಹೀಗೆನ್ನಬೇಕೆಂದು ಅವರು ಯೋಚಿಸಿರಲಿಲ್ಲ. ಒಮ್ಮೆ ಬಾಯಿಂದ ಬಿದ್ದ ಮೇಲೆ ಅದು ಎಷ್ಟು ಖರೆ ಕೇಳಿಸಿತೆಂದರೆ ಅವರೇ ಅದರ ಹಿಂದೆ ನಡೆದರು. "'ಮಂದಾ, ಏಳು, ಗಾಡಿ ಸರಸ್ತೀನಿ' ಅಂತ ಎರಡು ಸಲ ಕೂಗಿದೆ. ಏಳಲಿಲ್ಲ. ಎದ್ದಿರ್ತಾಳ ಅಂತ ತಿಳಕೊಂಡೆ. ಮ್ಯಾಲ ಈ ಗಾಡಿ ನೋಡು, ಹಿಂದ ಒತ್ತಿದ್ರ ಮುಂದ ಹೋತು." ಕೇದಾರನ ಮುಖ ಬಿಳಿಚಿತು. "ಅದು ನನ್ನ ತಪ್ಪ ವೃಂದಾ. ತಿರುಗಿ ನಿಂತಾಗ ಬಾಣ ಉಲ್ಟಾ ಆಗ್ತಾವ ಅಂತ ಭಾವಾರಿಗೆ ನಾ ಹೇಳಲಿಲ್ಲ. ಹೇಳಿದ್ರ ಏನ್ ತಿಳಕೋತಾರೋ ಅಂತ ಅಕ್ಕನ ಮುಂದ ಅಂದಿದ್ದೆ. ಅಕ್ಕ ಹೇಳಲಿಲ್ಲೇನ್ರಿ ನಿಮಗ?" ಪರದೆಯ ಸಂದಿಯ ಕಾಲ ಬೆರಳುಗಳು ಅಲುಗಲಿಲ್ಲ. ಚಿನ್ಮಯೀ ಬೆಂಚಿನ ಮೇಲೆ ಕೂತು ಎರಡೂ ಕಾಲು ಆಡಿಸುತ್ತಿದ್ದಳು. "ಇಲ್ಲ" ಎಂದರು ಏಕನಾಥರು. ಎರಡನೆಯದು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ವೃಂದಾ ಬ್ಯಾಂಕಿನಲ್ಲಿ ಕೂತವಳು, ಯಾರ ಮಾತನ್ನೂ ಒಂದೇ ಏಟಿಗೆ ನಂಬುವವಳಲ್ಲ. ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ನೀ ಗಾಡ್ಯಾಗೇ ಇದ್ದೆಲ್ಲ ಪುಟ್ಟಾ. ಅಜ್ಜ ಅಜ್ಜಿಗೆ ಏಳು ಅಂತ ಕೂಗಿದ್ರೇನು?" ಎಂದು ಕೇಳಿದಳು. ಏಕನಾಥರಿಗೆ ತಾವು ಮೈದಾನದ ನಡುವೆ ನಿಂತಿದ್ದೇವೆ ಅನ್ನಿಸಿತು. ಚಿನ್ಮಯೀ ಕಾಲು ಆಡಿಸುವುದನ್ನು ನಿಲ್ಲಿಸಿ ಅಜ್ಜನನ್ನು ನೋಡಿದಳು, ಬೆಳಿಗ್ಗೆ ಮೆಟ್ಟಿಲ ಮೇಲೆ ನೋಡಿದ ಹಾಗೆ. ಆಟೋದಲ್ಲಿ ಆರು ಹುಡುಗರ ನಡುವೆ ಇಕ್ಕಟ್ಟಿನಲ್ಲಿ ಕೂತು ಹೋಗುವುದು ಅವಳಿಗೆ ಸುತರಾಂ ಬೇಡವಾಗಿತ್ತು, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. "ಹ್ಞೂಂ" ಎಂದಳು. "ಎರಡು ಸಲ. ಜೋರಾಗಿ ಕೂಗಿದ್ರು. ಅಜ್ಜೀನೇ ಕೇಳಿಸ್ಕೊಳ್ಳಲಿಲ್ಲ." ಎಷ್ಟು ಸಲೀಸಾಗಿ ಹೇಳಿದಳು! ಜೋರಾಗಿ ಎಂಬುದನ್ನು ತಾನೇ ಸೇರಿಸಿದ್ದಳು. ಏಕನಾಥರಿಗೆ ಉಳಿದುಕೊಂಡೆ ಎಂದು ಸಮಾಧಾನವಾಯಿತು, ಆದರೂ ಮಗುವಿನ ತಲೆ ಸವರಲು ಹೋದ ಕೈ ಅರ್ಧಕ್ಕೇ ನಿಂತಿತು.

ಆಗ ಪರದೆಯಾಚೆಯಿಂದ ಮಂದಾಕಿನಿ ಮಾತಾಡಿದಳು. ದನಿಯಲ್ಲಿ ನೋವಿತ್ತು, ಸಿಟ್ಟಿರಲಿಲ್ಲ. "ಹೌದು ವೃಂದಾ. ಕೂಗಿರಬೇಕು. ನನಗ ಕೇಳಿಸಲಿಲ್ಲ. ಈಚೀಚಿಗೆ ಕಿವಿ ಮಂದ ಆಗ್ಯಾವ."

ಅಷ್ಟಕ್ಕೆ ಎಲ್ಲವೂ ತೀರ್ಮಾನವಾಯಿತು. ವೃಂದಾ ಅಪ್ಪನ ಭುಜ ಮುಟ್ಟಿ, "ನಿಮ್ಮ ಮ್ಯಾಲ ಸುಮ್ಮ ಸಂಶಯ ತಗೊಂಡೆ" ಎಂದಳು. ಸೋಮವಾರ ಏಕನಾಥರು ಇಸ್ತ್ರಿ ಅಂಗಿ ತೊಟ್ಟು, ತಮ್ಮ ದುಂಡು ಸ್ಟಿಯರಿಂಗಿನ ಹಳೆಯ ಕಾರಿನಲ್ಲಿ ಚಿನ್ಮಯೀಯನ್ನು ಸಾಲೆಗೆ ಬಿಟ್ಟರು. ಹಿಂದಿನ ಬಾಗಿಲು ತೆರೆದು ಹಿಡಿದರೆ ಅವಳು ಹತ್ತಲಿಲ್ಲ. "ನಾ ಮುಂದ ಕೂಡತೀನಿ" ಎಂದಳು. ಮುಂದೆ ಕೂಡುವುದು ಬೇಡವೆಂದು ಅವರು ವರ್ಷಗಟ್ಟಲೆ ಶಿಸ್ತು ಮಾಡಿದ್ದರು. ಅವಳು ಸುಮ್ಮನೆ ಅವರ ಮುಖ ನೋಡುತ್ತ ನಿಂತಳು. ಅವರು ಮುಂದಿನ ಬಾಗಿಲು ತೆರೆದರು. ಅಂದು ಸಂಜೆ ವೃಂದಾ ಹಾಡಿನ ಹುಡುಗಿಯರ ಮನೆಗಳಿಗೆಲ್ಲ ಫೋನು ಮಾಡಿದಳು. ಕೈ ಮುರಿದರೂ ಬಾಯಿಂದ ಕಲಿಸಬಹುದೆಂದು ಮೊದಲು ಅವಳೇ ಅಂದಿದ್ದಳು. ಆದರೆ ಕಿವಿಯೇ ಕೇಳಿಸದವರು ಸ್ವರ ಹೇಗೆ ತಿದ್ದಿಯಾರು? "ಅಮ್ಮಗ ಇನ್ನ ವಿಶ್ರಾಂತಿ ಬೇಕ್ರಿ, ಕಿವೀನೂ ಸರಿ ಇಲ್ಲ" ಎಂದು ಒಂದೊಂದು ಮನೆಗೂ ಅದನ್ನೇ ಹೇಳುವುದನ್ನು ಏಕನಾಥರು ಪೇಪರು ಹಿಡಿದುಕೊಂಡು ಕೇಳಿದರು. ಇಷ್ಟೊಂದನ್ನು ಅವರು ಬಯಸಿರಲಿಲ್ಲ. ಅವರು ಕೇಳಿದ್ದು ಕೀಲಿಯೊಂದನ್ನೇ. ಕಿವಿಯ ಡಾಕ್ಟರ ಹತ್ತಿರ ಹೋಗೋಣವೆಂದರೆ ಮಂದಾಕಿನಿ ಬೇಡವೆಂದಳು. "ವಯಸ್ಸಾತು, ಮತ್ತೇನು" ಎಂದಳು. ಹಾರ್ಮೋನಿಯಂನ ಮೇಲೆ ಹಳೆಯ ಧೋತರ ಹೊದಿಸಿದರು.

ಮತ್ತು ಅವಳಿಗೆ ಖರೇನೇ ಕೇಳಿಸದಾಯಿತು, ಏಕನಾಥರದು ಮಾತ್ರ. ಹಾಲಿನವನ ಗಂಟೆ ಕೇಳಿಸುತ್ತಿತ್ತು, ಮಾಳಿಗೆಯ ಮೇಲೆ ವೃಂದಾ ಕರ್ಚೀಫು ಹುಡುಕುತ್ತ ಗೊಣಗಿದ್ದೂ ಕೇಳಿಸುತ್ತಿತ್ತು. ಗಂಡ ಎದುರಿಗೆ ಬಂದು ಮಾತಾಡಿದರೆ ಮುಖ ತುಸು ಮೇಲೆತ್ತಿ, "ಏನಂದ್ರಿ?" ಎನ್ನುತ್ತಿದ್ದಳು. ಎರಡು ಸಲ, ಮೂರು ಸಲ. ಅಣಕವಿಲ್ಲ, ಸಿಡುಕಿಲ್ಲ, ದೂರದವರ ಜೊತೆ ಮಾತಾಡುವಾಗಿನ ಮರ್ಯಾದೆ. ಔಷಧ ತೊಗೊಂಡ್ಯಾ ಎಂಬುದನ್ನೂ ಅವರು ಓಣಿಗೆಲ್ಲ ಕೇಳುವ ಹಾಗೆ ಕೂಗಬೇಕಾಗುತ್ತಿತ್ತು. ಖರೇನೇ ಕಿವಿ ಹೋಗಿದ್ದರೆ ಎಷ್ಟು ಛಲೋ ಇತ್ತು ಎಂದು ಅವರು ಮನಸ್ಸಿನಲ್ಲೇ ಬೇಡಿಕೊಳ್ಳತೊಡಗಿದರು, ದೇವರ ಮುಂದೆ ಕೂತು, ನಾಚಿಕೆಯಿಲ್ಲದೆ. ಅವಳ ಕಿವಿ ಹೋಗಲಿ, ನನ್ನ ಮಾತು ಖರೆಯಾಗಲಿ.

ಒಂದು ರವಿವಾರ ಮಧ್ಯಾಹ್ನ ಅವಳ ಹಳೆಯ ಶಿಷ್ಯೆ ಸ್ನೇಹಲ್ ನೋಡಲಿಕ್ಕೆ ಬಂದಳು. ಬ್ಯಾಂಡೇಜು ನೋಡಿ ಅತ್ತಳು. ಆಮೇಲೆ, "ಬಾಯೀರ, ಪರೀಕ್ಷಾಕ್ಕ ಕೂಡೂದದ, ಒಂದೀಟ ಹಾಡ್ಲ್ಯಾ? ಕೇಳಿಸಲಿಕ್ಕಿಲ್ಲ ನಿಮಗ, ಆದ್ರೂ ಆಶೀರ್ವಾದಾ ಮಾಡ್ರಿ" ಎಂದು ಎದುರಿಗೆ ಕೂತು ಮೆಲ್ಲಗೆ ಹಾಡಿದಳು. ಏಕನಾಥರು ಬಾಗಿಲ ಸಂದಿಯಲ್ಲಿ ನಿಂತಿದ್ದರು. ಅವರಿಗೆ ಹಾಡು ಹಾಡಿನಂತೆಯೇ ಕೇಳಿಸಿತು. ಒಂದು ಕಡೆಗೆ ಹುಡುಗಿಯ ದನಿ ಮೇಲೇರುವಾಗ ಮಂದಾಕಿನಿಯ ಎಡಗೈಯ ತೋರುಬೆರಳು ತೊಡೆಯ ಮೇಲಿಂದ ಎದ್ದು, ಇನ್ನಿಷ್ಟು ಮೇಲೆ, ಇನ್ನೊಂದು ಕೂದಲೆಳೆ ಮೇಲೆ ಎಂದು ಗಾಳಿಯಲ್ಲಿ ತೋರಿಸಿತು. ಸ್ನೇಹಲ್ ಕಣ್ಣು ಮುಚ್ಚಿದ್ದಳು, ನೋಡಲಿಲ್ಲ. ಏಕನಾಥರು ನೋಡಿದರು. ಅವರು ನೋಡಿದ್ದನ್ನು ಮಂದಾಕಿನಿ ನೋಡಿದಳು, ಬೆರಳು ಇಳಿಸಿಕೊಂಡಳು. ಹಾಡು ಮುಗಿದಾಗ, "ಛಲೋ ಆತವ್ವಾ, ಏನೂ ಕೇಳಿಸಲಿಲ್ಲ, ಆದ್ರ ಛಲೋನೇ ಹಾಡಿರ್ತಿ" ಎಂದಳು.

ಹುಡುಗಿ ಹೋದ ಮೇಲೆ ಏಕನಾಥರು ಒಳಗೆ ಬಂದು ಹೆಂಡತಿಯ ಕುರ್ಚಿಯ ಹತ್ತಿರ ನಿಂತರು. ಪಕ್ಕದ ಕೋಣೆಯಲ್ಲಿ ವೃಂದಾ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು, ಚಿನ್ಮಯೀ ಅವಳ ಕಾಲ ಬಳಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಬಾಗಿಲಿಗೆ ಪರದೆ ಮಾತ್ರ. ಇವತ್ತು ಹೇಳದಿದ್ದರೆ ಮತ್ತೆ ಆಗುವುದಿಲ್ಲ ಎಂದು ಅವರಿಗೆ ಗೊತ್ತಾಯಿತು. ಬಾಯಿ ಒಣಗಿತು, ಮೈದಾನದಲ್ಲಿ ಎಷ್ಟೋ ಜನರಿಗೆ ಒಣಗಿರಬಹುದಾದ ಹಾಗೆ. ಅವಳ ಕಿವಿಯ ಹತ್ತಿರ ಬಗ್ಗಿ, "ಮಂದಾ, ನಾ ಕೂಗಲಿಲ್ಲ" ಎಂದರು.

ಅವಳು ಮುಖ ಮೇಲೆತ್ತಿದಳು. "ಏನಂದ್ರಿ?"

"ನೀ ಮುಂಜಾನೆನೇ ಹೇಳಿದ್ದಿ. ನಾ ಕೇಳಲಿಲ್ಲ. ಕೂಗಲೂ ಇಲ್ಲ." ಅವರ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಅದನ್ನೂ ನೋಡಿದಳು.

"ಕೇಳಿಸವಲ್ದು. ಜೋರಾಗಿ ಹೇಳ್ರಿ."

"ಮಂದಾ..."

"ಜೋರಾಗಿ" ಎಂದಳು ಅವಳು. ಪರದೆಯಾಚೆ ಲ್ಯಾಪ್‌ಟಾಪಿನ ಕಟಕಟ ನಿಂತಿತು. "ಏನಪ್ಪಾ? ಏನು ಹೇಳ್ಲಿಕತ್ತೀರಿ ಅಮ್ಮಗ?" ಎಂದು ವೃಂದಾ ಕೇಳಿದಳು. ಬಣ್ಣದ ಪೆನ್ಸಿಲು ಹಿಡಿದುಕೊಂಡೇ ಚಿನ್ಮಯೀ ಬಂದು ಪರದೆ ಸರಿಸಿ ನಿಂತಳು. ಏಕನಾಥರು ಮೊಮ್ಮಗಳನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಅವಳು ಅವಸರ ಮಾಡಲಿಲ್ಲ, ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾಯ್ದಳು. ಒಂದೇ ಒಂದು ಸಲ ಕೂಗಿದರೆ ಸಾಕಾಗಿತ್ತು.

"ಚಹಾ ಕುಡೀತಿಯೇನು ಅಂತ ಕೇಳಿದೆ!" ಎಂದು ಏಕನಾಥರು ಮನೆ ತುಂಬ ಕೇಳುವ ಹಾಗೆ ಕೂಗಿದರು.

"ಹ್ಞಾ, ಈಗ ಕೇಳಿಸ್ತು ನೋಡ್ರಿ" ಎಂದಳು ಮಂದಾಕಿನಿ. "ಸಕ್ರಿ ಕಡಿಮಿ ಹಾಕ್ರಿ."